ಹಳೆಯ ಕಾರು ಕೊಳ್ಳುವ ಮುನ್ನ: ಎಫ್‌ಸಿಯಲ್ಲಿ ಪಾಸಾಗುವುದು ಯಾವ ಮಾಡೆಲ್?

ವಾಹನ ವಿಚಾರ – ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. 2010 ಮತ್ತು 2011ರಲ್ಲಿ ನೋಂದಣಿಯಾದ ಕಾರುಗಳಿಗೆ ಹದಿನೈದು ವರ್ಷ ತುಂಬುತ್ತಿದ್ದು, ಅವುಗಳಲ್ಲಿ ಬಹಳಷ್ಟು ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಈಗ ಕೈಯಿಂದ ಕೈಗೆ ಹೋಗುತ್ತಿವೆ. ಕೊಳ್ಳುವವರು ಮೈಲೇಜು, ಬಣ್ಣ, ಸೀಟ್ ಕವರುಗಳ ಬಗ್ಗೆ ಕೇಳುವಷ್ಟು ಕಾಳಜಿಯಿಂದ ಎಫ್‌ಸಿ, ಅಂದರೆ ವಾಹನದ ಅರ್ಹತಾ ತಪಾಸಣೆಯ ಬಗ್ಗೆ ಕೇಳುತ್ತಿರಲಿಲ್ಲ. ಈಗ ಕೇಳುತ್ತಿರುವುದು ಒಳ್ಳೆಯದು. ಆ ಪತ್ರಗಳಲ್ಲಿ ಆರನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಹೊಳಲ್ಕೆರೆ ತಾಲ್ಲೂಕಿನಲ್ಲಿ ಪ್ರೌಢಶಾಲಾ ಶಿಕ್ಷಕ. ಮನೆಯವರನ್ನು ಚಿತ್ರದುರ್ಗದ ಆಸ್ಪತ್ರೆಗೆ ಆಗಾಗ ಕರೆದೊಯ್ಯಬೇಕಾಗಿರುವುದರಿಂದ ಎರಡು ಲಕ್ಷ ರೂಪಾಯಿಯೊಳಗೆ ಒಂದು ಹಳೆಯ ಕಾರು ಕೊಳ್ಳುವ ಯೋಚನೆಯಿದೆ. ದಾವಣಗೆರೆಯಲ್ಲಿ 2011ರ ವ್ಯಾಗನ್ ಆರ್ ಪೆಟ್ರೋಲ್, 2011ರ ಸ್ವಿಫ್ಟ್ ಡೀಸೆಲ್ ಮತ್ತು 2012ರ ಸ್ಯಾಂಟ್ರೋ ನೋಡಿದ್ದೇನೆ. ಮೂರಕ್ಕೂ ಎಫ್‌ಸಿ ಹತ್ತಿರವಿದೆ. ಇವುಗಳಲ್ಲಿ ಖಚಿತವಾಗಿ ಪಾಸಾಗುವ ಮಾಡೆಲ್ ಯಾವುದು? ವಿದೇಶಗಳಲ್ಲಿ ಇದಕ್ಕೆ ಮಾಡೆಲ್‌ವಾರು ಅಂಕಿಅಂಶಗಳೇ ಸಿಗುತ್ತವೆಯಂತೆ, ನಿಜವೇ?
– ಓದುಗರೊಬ್ಬರು, ಹೊಳಲ್ಕೆರೆ

ಉತ್ತರ: ಮೊದಲು ನಿಯಮವನ್ನು ಸ್ಪಷ್ಟಪಡಿಸಿಕೊಳ್ಳೋಣ, ಏಕೆಂದರೆ ಬಿಳಿ ಬೋರ್ಡಿನ ಕಾರಿಗೂ ವರ್ಷಕ್ಕೊಮ್ಮೆ ಎಫ್‌ಸಿ ಬೇಕೆಂದು ತಿಳಿದವರಿದ್ದಾರೆ, ಎಂದೆಂದಿಗೂ ಬೇಡವೆಂದು ತಿಳಿದವರೂ ಇದ್ದಾರೆ. 1988ರ ಮೋಟಾರು ವಾಹನ ಕಾಯ್ದೆಯಂತೆ ಸ್ವಂತ ಬಳಕೆಯ ಕಾರಿನ ನೋಂದಣಿ ಹದಿನೈದು ವರ್ಷ ಚಾಲ್ತಿಯಲ್ಲಿರುತ್ತದೆ. ಆಮೇಲೆ ಗಾಡಿಯನ್ನು ತಪಾಸಣೆಗೆ ಒಯ್ದು, ಪಾಸಾದರೆ ಐದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಮುಂದೆ ಪ್ರತಿ ಐದು ವರ್ಷಕ್ಕೂ ಇದೇ ಕ್ರಮ. ಹಳದಿ ಬೋರ್ಡಿನ ಗಾಡಿಗಳಿಗೆ ಮಾತ್ರ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆಯೂ, ಎಂಟು ದಾಟಿದ ಮೇಲೆ ಪ್ರತಿ ವರ್ಷವೂ ತಪಾಸಣೆ ಇರುತ್ತದೆ. ಹದಿನೈದು ದಾಟಿದ ಸ್ವಂತ ಕಾರಿನ ನೋಂದಣಿ ನವೀಕರಣ ಶುಲ್ಕ ಮೊದಲು 600 ರೂಪಾಯಿ ಇದ್ದದ್ದು 2022ರ ಏಪ್ರಿಲ್ 1ರಿಂದ 5,000 ರೂಪಾಯಿಯಾಗಿದೆ. ಅವಧಿ ಮುಗಿಯುವ ಅರವತ್ತು ದಿನ ಮೊದಲಿನಿಂದ ಅರ್ಜಿ ಹಾಕಲು ಅವಕಾಶವಿದೆ. ನೀವು ನೋಡಿರುವ ಎರಡು 2011ರ ಕಾರುಗಳಿಗೆ ಈ ಖರ್ಚು ಮತ್ತು ಈ ಪರೀಕ್ಷೆ 2026ರಲ್ಲಿಯೇ ಬರುತ್ತದೆ. ಸ್ಯಾಂಟ್ರೋಗೆ ಅದರ ಮರುವರ್ಷ.

ವಿದೇಶದ ಅಂಕಿಅಂಶದ ವಿಚಾರ ನೀವು ಕೇಳಿದ್ದು ನಿಜ. ಬ್ರಿಟನ್ನಿನಲ್ಲಿ 1960ರಿಂದಲೇ ಎಂಓಟಿ ಎಂಬ ತಪಾಸಣೆ ನಡೆದುಬಂದಿದೆ. ಈಗ ಅಲ್ಲಿ ಮೂರು ವರ್ಷ ತುಂಬಿದ ಕಾರು ಪ್ರತಿ ವರ್ಷವೂ ಆ ತಪಾಸಣೆಗೆ ನಿಲ್ಲಬೇಕು. ಯಾವುದೇ ಕಾರಿನ ನಂಬರನ್ನು ಸರ್ಕಾರಿ ಜಾಲತಾಣದಲ್ಲಿ ಹಾಕಿದರೆ ಆ ಗಾಡಿ ಹಿಂದಿನ ತಪಾಸಣೆಗಳಲ್ಲಿ ಪಾಸಾಯಿತೋ ಫೇಲಾಯಿತೋ, ಯಾವ ಕಾರಣಕ್ಕೆ ಫೇಲಾಯಿತು, ಆ ದಿನ ಮೀಟರ್ ಎಷ್ಟು ತೋರಿಸುತ್ತಿತ್ತು ಎಂಬುದೆಲ್ಲ ಯಾರಿಗೆ ಬೇಕಾದರೂ ಪುಕ್ಕಟೆಯಾಗಿ ಕಾಣುತ್ತದೆ. ಜರ್ಮನಿಯಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ ತಪಾಸಣೆ. ಅಲ್ಲಿ ತಪಾಸಣೆ ನಡೆಸುವ ಟುಯ್ಫ್ ಸಂಸ್ಥೆಗಳು ಯಾವ ಮಾಡೆಲಿನಲ್ಲಿ ನೂರಕ್ಕೆ ಎಷ್ಟು ಗಾಡಿ ದೋಷ ತೋರಿಸಿದವು ಎಂದು ಪ್ರತಿ ವರ್ಷ ವರದಿ ಪ್ರಕಟಿಸುತ್ತವೆ. ನಮ್ಮಲ್ಲಿ ಗಾಡಿಯ ಎಫ್‌ಸಿ, ವಿಮೆ, ಹೊಗೆ ಪ್ರಮಾಣಪತ್ರ ಯಾವ ದಿನಾಂಕದವರೆಗಿದೆ ಎಂಬುದು ಸರ್ಕಾರದ ‘ವಾಹನ್’ ಜಾಲತಾಣದಲ್ಲಿ ಕಾಣುತ್ತದೆಯೇ ಹೊರತು ಆ ಬಗೆಯ ಮಾಡೆಲ್‌ವಾರು ಪಟ್ಟಿ ಪ್ರಕಟವಾಗುವುದಿಲ್ಲ.

ಆದರೆ ಆ ಪಟ್ಟಿಗಳನ್ನು ಓದುವಾಗಲೂ ಎಚ್ಚರ ಬೇಕು. ಜರ್ಮನಿಯ ವರದಿಯಲ್ಲಿ ಹಲವು ವರ್ಷ ಪೋರ್ಶೆ 911 ಎಂಬ ಸ್ಪೋರ್ಟ್ಸ್ ಕಾರು ಮೇಲಿನ ಸ್ಥಾನಗಳಲ್ಲಿ ನಿಂತಿದೆ. ಅದು ಚೆನ್ನಾಗಿ ಕಟ್ಟಿದ ಕಾರು ಎಂಬುದರಲ್ಲಿ ಸಂದೇಹವಿಲ್ಲ; ಆದರೆ ಅದರ ಮಾಲೀಕ ಅದನ್ನು ಷೆಡ್ಡಿನಲ್ಲಿ ಮುಚ್ಚಿಟ್ಟು, ಬಿಸಿಲಿರುವ ರಜಾ ದಿನ ಮಾತ್ರ ಹೊರಗೆ ತೆಗೆದು, ಸರ್ವಿಸ್ ದಿನಾಂಕ ತಪ್ಪಿಸದೆ ನೋಡಿಕೊಳ್ಳುತ್ತಾನೆ ಎಂಬುದೂ ಅಷ್ಟೇ ಮುಖ್ಯ. ಬ್ರಿಟನ್ನಿನಲ್ಲಿ ಕಾರುಗಳು ಫೇಲಾಗುವ ಸಾಮಾನ್ಯ ಕಾರಣಗಳೆಂದರೆ ದೀಪಗಳು, ಸಸ್ಪೆನ್ಷನ್, ಬ್ರೇಕು ಮತ್ತು ಟೈರು. ಈ ನಾಲ್ಕೂ ಕಂಪನಿಯ ಹೆಸರಿಗಿಂತ ಓಡಿದ ಕಿಲೋಮೀಟರಿಗೆ, ರಸ್ತೆಗೆ ಮತ್ತು ಮಾಲೀಕನ ಕೈಗೆ ಸೇರಿದ ವಿಷಯಗಳು. ಹಾಗಾಗಿ ಪಟ್ಟಿಯಲ್ಲಿ ಕೆಳಗಿರುವ ಮಾಡೆಲಿನ ಒಂದು ಒಳ್ಳೆಯ ಗಾಡಿ ಮೇಲಿರುವ ಮಾಡೆಲಿನ ಒಂದು ಕೆಟ್ಟ ಗಾಡಿಗಿಂತ ಸಲೀಸಾಗಿ ಪಾಸಾಗುತ್ತದೆ. ನಾನು ಇಪ್ಪತ್ತು ವರ್ಷಗಳಿಂದ ಗಿರಾಕಿಗಳ ಗಾಡಿಗಳನ್ನು ಎಫ್‌ಸಿಗೆ ಸಿದ್ಧ ಮಾಡಿಕೊಡುತ್ತ ಬಂದವನು. ಬ್ರೇಕ್ ಇನ್‌ಸ್ಪೆಕ್ಟರ್, ಅಂದರೆ ಆರ್‌ಟಿಓ ಕಚೇರಿಯ ವಾಹನ ನಿರೀಕ್ಷಕರು, ವಾಪಸ್ ಕಳಿಸಿದ ಗಾಡಿಗಳನ್ನು ನೆನೆದರೆ ಎಂಜಿನ್ ಕೆಟ್ಟು ವಾಪಸಾದದ್ದು ಅಪರೂಪ. ಒಂದು ಬದಿ ಮಂಕಾದ ಹೆಡ್‌ಲೈಟ್, ಹಿಡಿಯದ ಹ್ಯಾಂಡ್ ಬ್ರೇಕ್, ಒಳ ಅಂಚು ಸವೆದ ಟೈರು, ಗಾಜಿನ ಮೇಲಿನ ಕಪ್ಪು ಫಿಲ್ಮು, ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಇರುವುದಕ್ಕೆ ತಾಳೆಯಾಗದ ಎಂಜಿನ್ ನಂಬರು – ಇವೇ ಹೆಚ್ಚು.

ನಮ್ಮ ಸೀಮೆಯ ಗಾಡಿಗಳಲ್ಲಿ ಹೆಡ್‌ಲೈಟನ್ನು ನಾನು ಮೊದಲು ನೋಡುತ್ತೇನೆ. ಚಿತ್ರದುರ್ಗ, ಚಳ್ಳಕೆರೆ, ಜಗಳೂರು ಕಡೆಯ ಬಿಸಿಲಿಗೆ ವರ್ಷಗಟ್ಟಲೆ ಬಯಲಿನಲ್ಲಿ ನಿಂತ ಕಾರಿನ ಹೆಡ್‌ಲೈಟಿನ ಪ್ಲಾಸ್ಟಿಕ್ ಮೊದಲು ಹಳದಿಯಾಗಿ, ಆಮೇಲೆ ಹಾಲಿನ ಕೆನೆ ಕಟ್ಟಿದಂತೆ ಮಬ್ಬಾಗುತ್ತದೆ. ಬಲ್ಬು ಹೊಸದಾಗಿದ್ದರೂ ಬೆಳಕು ಹೊರಗೆ ಬರುವುದಿಲ್ಲ. ಮಾರುವವರು ಇದನ್ನು ಪಾಲಿಷ್ ಹೊಡೆಸಿ ಕೊಡುತ್ತಾರೆ; ಮೇಲ್ಮೈಯ ಲೇಪನ ಹೋದ ಮೇಲೆ ಆ ಹೊಳಪು ಹೆಚ್ಚು ದಿನ ಉಳಿಯುವುದಿಲ್ಲ. ಉಗುರಿನಿಂದ ಅಂಚಿನಲ್ಲಿ ಸವರಿ ನೋಡಿ. ನಡುವೆ ನುಣುಪಾಗಿದ್ದು ರಬ್ಬರ್ ಬೀಡಿಂಗಿನ ಪಕ್ಕದಲ್ಲಿ ಹಳದಿ ಗೆರೆ ಉಳಿದಿದ್ದರೆ ಅದು ಪಾಲಿಷ್ ಆದ ಲೈಟು.

ಈಗ ನಿಮ್ಮ ಮೂರು ಕಾರುಗಳಿಗೆ ಬರುತ್ತೇನೆ. 2011ರ ವ್ಯಾಗನ್ ಆರ್‌ನಲ್ಲಿ 998 ಸಿಸಿಯ ಪೆಟ್ರೋಲ್ ಎಂಜಿನ್ ಇದೆ. ಗಾಡಿ ಹಗುರ, ಸಸ್ಪೆನ್ಷನ್ ಸರಳ, ಬಿಡಿಭಾಗ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತದೆ. ಮುಂದಿನ ಲೋಯರ್ ಆರ್ಮ್ ಬುಷ್, ಸ್ಟಿಯರಿಂಗಿನ ಟೈ ರಾಡ್ ಎಂಡ್, ಹಿಂದಿನ ಡ್ರಮ್ ಬ್ರೇಕಿನ ಲೈನರ್ – ಇಷ್ಟನ್ನು ಸರಿಪಡಿಸಿದರೆ ತಪಾಸಣೆಯ ಭಯ ಬಹುಮಟ್ಟಿಗೆ ಹೋಗುತ್ತದೆ.

ಸ್ವಿಫ್ಟ್ ಡೀಸೆಲ್‌ನಲ್ಲಿರುವುದು ಫಿಯಟ್ ಮೂಲದ 1,248 ಸಿಸಿ ಎಂಜಿನ್; ಡಿಸೈರ್, ರಿಟ್ಜ್, ಇಂಡಿಕಾ ವಿಸ್ಟಾಗಳಲ್ಲೂ ಇದನ್ನೇ ಕೂರಿಸಿದ್ದರು, ಆದ್ದರಿಂದ ಇದನ್ನು ಬಿಚ್ಚಿ ಕಟ್ಟಬಲ್ಲ ಮೆಕ್ಯಾನಿಕ್‌ಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಗಟ್ಟಿ ಎಂಜಿನ್ ಅದು. ಆದರೆ ಡೀಸೆಲ್ ಗಾಡಿಗೆ ಹೊಗೆಯ ಪರೀಕ್ಷೆಯೇ ನಿಜವಾದ ಪರೀಕ್ಷೆ. ಬಿಎಸ್ ಎಂಬುದು ಗಾಡಿಯ ಹೊಗೆಗೆ ಸರ್ಕಾರ ಹಾಕಿದ ಮಿತಿಯ ಹಂತ. ಬಿಎಸ್-4ಕ್ಕಿಂತ ಹಿಂದಿನ ಡೀಸೆಲ್ ಗಾಡಿಯ ಹೊಗೆ ಮೀಟರಿನಲ್ಲಿ 2.45ರ ಒಳಗೆ, ಬಿಎಸ್-4 ಗಾಡಿಯದು 1.62ರ ಒಳಗೆ ಬರಬೇಕು. ಇಂಜೆಕ್ಟರ್ ಸೋರಿಕೆ, ಟರ್ಬೋ ಪೈಪಿನ ಬಿರುಕು, ಮಸಿ ಕಟ್ಟಿದ ಇಜಿಆರ್ ವಾಲ್ವ್ (ಹೊಗೆಯ ಒಂದು ಭಾಗವನ್ನು ಎಂಜಿನಿಗೆ ಮರಳಿಸುವ ಕವಾಟ) ಇವುಗಳಲ್ಲಿ ಯಾವುದಿದ್ದರೂ ಅಂಕಿ ಮೇಲೇರುತ್ತದೆ, ಮತ್ತು ಆ ರಿಪೇರಿಗಳು ಪೆಟ್ರೋಲ್ ಗಾಡಿಯ ಟ್ಯೂನಿಂಗಿನಷ್ಟು ಅಗ್ಗವಲ್ಲ. ಜೊತೆಗೆ ಆ ಎಂಜಿನಿನ ತೂಕ ಮುಂದಿನ ಬುಷ್ಷು, ಬಾಲ್ ಜಾಯಿಂಟುಗಳ ಮೇಲೆ ಬೀಳುತ್ತದೆ. ನೀವು ತಿಂಗಳಿಗೆ ಕೆಲವೇ ಬಾರಿ ಹೊಳಲ್ಕೆರೆಯಿಂದ ದುರ್ಗಕ್ಕೆ ಹೋಗಿಬರುವವರಾದರೆ ಡೀಸೆಲ್ಲಿನಲ್ಲಿ ಉಳಿಯುವ ಹಣ ಈ ರಿಪೇರಿಗೇ ಸಾಲುವುದಿಲ್ಲ.

ಸ್ಯಾಂಟ್ರೋ ಬಗ್ಗೆ ಜನರಿಗೆ ಒಲವು ಹೆಚ್ಚು, ನನಗೂ ಇದೆ. ಆ ಹಳೆಯ ಸ್ಯಾಂಟ್ರೋ ತಯಾರಿಕೆ 2014ಕ್ಕೆ ನಿಂತಿತು. ಎಂಜಿನಿಗೆ ಚೈನ್ ಬದಲು ಟೈಮಿಂಗ್ ಬೆಲ್ಟ್ ಇರುವುದರಿಂದ ಬೆಲ್ಟ್ ಯಾವಾಗ ಬದಲಾಯಿಸಿದ್ದು ಎಂದು ಕೇಳಿಯೇ ಕೊಳ್ಳಬೇಕು. ಎಫ್‌ಸಿಗೆ ಅದು ಸಂಬಂಧಿಸಿದ್ದಲ್ಲ, ನಿಮ್ಮ ಜೇಬಿಗೆ ಸಂಬಂಧಿಸಿದ್ದು.

ಕಾಗದದ ಮೇಲೆ ಹೇಳುವುದಾದರೆ ವ್ಯಾಗನ್ ಆರ್ ಮೊದಲು, ಸ್ಯಾಂಟ್ರೋ ಎರಡನೆಯದು, ಸ್ವಿಫ್ಟ್ ಡೀಸೆಲ್ ಮೂರನೆಯದು ಎನ್ನುತ್ತೇನೆ. ಆದರೆ ಈ ಕ್ರಮವನ್ನು ಅಂತಿಮವೆಂದು ಹಿಡಿಯಬೇಡಿ. ಮೂರೂ ಗಾಡಿಗಳ ಮುಂದಿನ ಚಕ್ರಗಳನ್ನು ಜಾಕಿ ಕೊಟ್ಟು ಎತ್ತಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಕಟಕಟ ಎಂದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್ ಹೋಗಿದೆ. ಎಡಬಲ ಹಿಡಿದು ಅಲ್ಲಾಡಿಸಿದಾಗ ಸಡಿಲವಿದ್ದರೆ ಟೈ ರಾಡ್ ಎಂಡ್. ಖಾಲಿ ರಸ್ತೆಯಲ್ಲಿ ನಲವತ್ತರ ವೇಗದಲ್ಲಿ ಸ್ಟಿಯರಿಂಗನ್ನು ಹಗುರವಾಗಿ ಹಿಡಿದು ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆದರೆ ಆ ಗಾಡಿ ಇವತ್ತಿನ ಸ್ಥಿತಿಯಲ್ಲಿ ಪಾಸಾಗುವ ಗಾಡಿಯಲ್ಲ. ಟೈರಿನ ಮೇಲಿನ ತೋಡುಗಳ ತಳದಲ್ಲಿ ಅಡ್ಡಕ್ಕೆ ಸಣ್ಣ ರಬ್ಬರ್ ಉಬ್ಬುಗಳಿರುತ್ತವೆ. ಅವು ಮೇಲ್ಮೈಗೆ ಸಮವಾಗಿದ್ದರೆ ಆಳ ನಿಯಮದ 1.6 ಮಿಲಿಮೀಟರಿಗೆ ಇಳಿದಿದೆ ಎಂದರ್ಥ. ಈ ನಾಲ್ಕು ಪರೀಕ್ಷೆಯಲ್ಲಿ ಸ್ವಿಫ್ಟ್ ಗೆದ್ದು, ಹೊಗೆಯ ಮೀಟರಿನಲ್ಲೂ ಗೆದ್ದು, ವ್ಯಾಗನ್ ಆರ್ ಸೋತರೆ ನಾನಂತೂ ಸ್ವಿಫ್ಟನ್ನೇ ಆರಿಸುತ್ತೇನೆ. ಮಾತುಕತೆ ಮುಗಿಸುವಾಗ ‘ಎಫ್‌ಸಿ ಮಾಡಿಸಿ, ನವೀಕರಿಸಿದ ಆರ್‌ಸಿ ಕೈಗೆ ಬಂದ ಮೇಲೆ ಪೂರ್ತಿ ಹಣ’ ಎಂಬ ಷರತ್ತನ್ನು ಮಾರುವವರ ಮುಂದಿಡಿ. ತನ್ನ ಗಾಡಿಯ ಮೇಲೆ ಭರವಸೆಯಿರುವವನು ಸ್ವಲ್ಪ ಹೆಚ್ಚು ಬೆಲೆ ಕೇಳಿಯಾದರೂ ಒಪ್ಪುತ್ತಾನೆ. ಆ ಹೆಚ್ಚಿನ ಬೆಲೆ ಕೊಡುವುದು ನಷ್ಟವಲ್ಲ.

ಪ್ರಶ್ನೆ: ಮಂಗಳೂರು ನೋಂದಣಿಯ 2013ರ ಐ10 ಕಾರೊಂದು ದಾವಣಗೆರೆಯ ಬೆಲೆಗಿಂತ ಸುಮಾರು ನಲವತ್ತು ಸಾವಿರ ಕಡಿಮೆಗೆ ಸಿಗುತ್ತಿದೆ. ಓಡಿರುವುದು 52,000 ಕಿಲೋಮೀಟರ್ ಮಾತ್ರ. ಇಷ್ಟು ಕಡಿಮೆ ಓಡಿದ ಗಾಡಿ ಮುಂದೆ ಎಫ್‌ಸಿಯಲ್ಲಿ ತೊಂದರೆ ಕೊಡಲಾರದಲ್ಲವೇ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಕಿಲೋಮೀಟರ್ ಒಂದನ್ನೇ ನೋಡಿ ತೀರ್ಮಾನಿಸಬೇಡಿ. ಕರಾವಳಿಯ ಕೆಎ-19, ಕೆಎ-20, ಕೆಎ-30 ನಂಬರಿನ ಗಾಡಿಗಳು ಸಮುದ್ರದ ಉಪ್ಪುಗಾಳಿ ಮತ್ತು ವರ್ಷಕ್ಕೆ ನಾಲ್ಕು ತಿಂಗಳ ಜಡಿಮಳೆ ಕಂಡಿರುತ್ತವೆ. ನಮ್ಮ ಬಯಲುಸೀಮೆಯಲ್ಲಿ ಗಾಡಿಯ ರಬ್ಬರ್ ಒಣಗಿ ಸೀಳುತ್ತದೆ, ಏರ್ ಫಿಲ್ಟರ್ ಧೂಳು ತುಂಬುತ್ತದೆ, ಕೊಳವೆಬಾವಿಯ ಗಡಸು ನೀರು ಹಾಕಿದ ರೇಡಿಯೇಟರಿನಲ್ಲಿ ಸುಣ್ಣದ ಪೊರೆ ಕಟ್ಟುತ್ತದೆ. ಆದರೆ ತಗಡು ಉಳಿಯುತ್ತದೆ. ಕರಾವಳಿಯಲ್ಲಿ ಎಂಜಿನ್ ಚೆನ್ನಾಗಿದ್ದೂ ತಗಡು ಹೋಗಿರುತ್ತದೆ. ರಬ್ಬರು, ಫಿಲ್ಟರು, ರೇಡಿಯೇಟರುಗಳನ್ನು ಅಂಗಡಿಯಿಂದ ತಂದು ಹಾಕಬಹುದು. ಕೊಳೆತ ತಳಕ್ಕೆ ಅಂಗಡಿಯಲ್ಲಿ ಔಷಧವಿಲ್ಲ.

ಕೆಲವು ವರ್ಷದ ಹಿಂದೆ ಇಂಥದ್ದೇ ಒಂದು ಕಾರು ನನ್ನ ಬಳಿ ಬಂದಿತ್ತು. ಹೊರಗಿನ ಬಣ್ಣ ಕನ್ನಡಿಯಂತಿತ್ತು. ಚಾಲಕನ ಕಾಲ ಕೆಳಗಿನ ಮ್ಯಾಟ್ ತೆಗೆದು, ಅದರಡಿಯ ಕಾರ್ಪೆಟ್ಟನ್ನು ಎತ್ತಿದಾಗ ಒದ್ದೆ ಬಟ್ಟೆಯ ವಾಸನೆ ಬಂತು. ಸ್ಕ್ರೂಡ್ರೈವರಿನ ಹಿಡಿಯಿಂದ ತಗಡನ್ನು ತಟ್ಟುತ್ತ ಹೋದೆ, ಮೂರು ಕಡೆ ಟಣ್ ಎಂದದ್ದು ನಾಲ್ಕನೆಯ ಕಡೆ ಹಪ್ಪಳದಂತೆ ಕರಕ್ ಎಂದು ಬೆರಳಗಲ ತೂತು ಬಿತ್ತು. ಕೆಳಗಿನಿಂದ ಅದಕ್ಕೆ ಕಪ್ಪು ಅಂಡರ್‌ಕೋಟಿಂಗ್ ಬಳಿದು ಮುಚ್ಚಿದ್ದರು. ಕೊಂಡವರು ನಿವೃತ್ತ ನೌಕರರು. ಅವರ ಮುಖ ನೋಡುವುದೇ ನನಗೆ ಕಷ್ಟವಾಯಿತು.

ನೀವು ನೋಡಬೇಕಾದ ಜಾಗಗಳು ಇವೇ: ಬಾಗಿಲುಗಳ ಕೆಳಗಿನ ಪಟ್ಟಿ, ಜಾಕಿ ಕೊಡುವ ಜಾಗ, ಸ್ಟೆಪ್ನಿ ಕೂರುವ ಗುಂಡಿ, ಮುಂದಿನ ಸಸ್ಪೆನ್ಷನ್ ಬೋಲ್ಟು ಹಿಡಿದಿರುವ ತೊಲೆ, ಬ್ರೇಕ್ ಎಣ್ಣೆಯ ಲೋಹದ ಪೈಪು. ಇವುಗಳಲ್ಲಿ ಕಡೆಯ ಎರಡು ಪ್ರಾಣಕ್ಕೆ ಸಂಬಂಧಿಸಿದವು, ಅಲ್ಲಿ ಪದರ ಏಳುವ ತುಕ್ಕು ಕಂಡರೆ ಬೆಲೆ ಎಷ್ಟೇ ಇಳಿದರೂ ಬಿಟ್ಟು ಬನ್ನಿ. ಹೊಸದಾಗಿ ಬಳಿದ ಅಂಡರ್‌ಕೋಟಿಂಗನ್ನು ಗುಣವೆಂದು ಎಣಿಸದೆ ಪ್ರಶ್ನೆಯೆಂದು ಎಣಿಸಿ. ಇವೆಲ್ಲ ಸರಿಯಾಗಿದ್ದರೆ, ಮತ್ತು ಸರ್ವಿಸ್ ದಾಖಲೆಯೂ 52,000ಕ್ಕೆ ತಾಳೆಯಾದರೆ, ಐ10 ಒಳ್ಳೆಯ ಆಯ್ಕೆಯೇ.

ಪ್ರಶ್ನೆ: ಹರಿಹರದಲ್ಲಿ ಹಳದಿ ಬೋರ್ಡಿನ 2015ರ ಡಿಸೈರ್ ಡೀಸೆಲ್ ಮಾರಾಟಕ್ಕಿದೆ. ಮಾಲೀಕರು ಇದುವರೆಗಿನ ಎಫ್‌ಸಿ ಕಾಗದಗಳನ್ನೆಲ್ಲ ತೋರಿಸಿದರು, ಒಂದು ಬಾರಿಯೂ ತಪ್ಪಿಲ್ಲ. ಬಿಳಿ ಬೋರ್ಡಿನ ಗಾಡಿಯನ್ನು ಹದಿನೈದು ವರ್ಷ ಯಾರೂ ತಪಾಸಣೆ ಮಾಡಿರುವುದಿಲ್ಲ. ಇದನ್ನು ಪ್ರತಿ ಬಾರಿ ಮಾಡಿದ್ದಾರೆ. ಹಾಗಾದರೆ ಇದೇ ಹೆಚ್ಚು ನಂಬಿಕೆಗೆ ಅರ್ಹವಲ್ಲವೇ?
– ಓದುಗರೊಬ್ಬರು, ಹರಿಹರ

ಉತ್ತರ: ನಿಮ್ಮ ತರ್ಕದಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ನಾನು ಗೌರವಿಸುತ್ತೇನೆ. ತಪ್ಪದೆ ಎಫ್‌ಸಿ ಮಾಡಿಸಿದ ಮಾಲೀಕ ಶಿಸ್ತಿನವನು; ಅವಧಿ ಮೀರಿದ ಪ್ರತಿ ದಿನಕ್ಕೂ ಸಾರಿಗೆ ವಾಹನಕ್ಕೆ 50 ರೂಪಾಯಿಯಂತೆ ಹೆಚ್ಚುವರಿ ಶುಲ್ಕ ಬೀಳುತ್ತದೆ, ಎಫ್‌ಸಿ ಇಲ್ಲದ ಗಾಡಿಯನ್ನು ಕಾಯ್ದೆ ನೋಂದಣಿಯಿಲ್ಲದ ಗಾಡಿಯಂತೆಯೇ ನೋಡುತ್ತದೆ. ಇವನ್ನೆಲ್ಲ ತಿಳಿದು ನಡೆದವರು ಅವರು.

ಇನ್ನರ್ಧವನ್ನು ಈಗ ಹೇಳುತ್ತೇನೆ. ಎಫ್‌ಸಿ ಹೇಳುವುದು ಆ ಒಂದು ದಿನ ಗಾಡಿ ಹೇಗಿತ್ತು ಎಂಬುದನ್ನು ಮಾತ್ರ. ತಪಾಸಣೆಯ ದಿನಕ್ಕೆಂದು ಬೇರೊಂದು ಗಾಡಿಯ ಒಳ್ಳೆಯ ಟೈರುಗಳನ್ನು ಹಾಕಿಕೊಂಡು ಹೋಗಿ, ಸಂಜೆ ಹಳೆಯದನ್ನೇ ತೊಡಿಸುವುದು ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಕೇಂದ್ರ ಸರ್ಕಾರ 2021ರ ಸೆಪ್ಟೆಂಬರಿನಲ್ಲಿ ಸ್ವಯಂಚಾಲಿತ ತಪಾಸಣಾ ಕೇಂದ್ರಗಳಿಗೆ ನಿಯಮ ರೂಪಿಸಿತು. ಅಂಥ ಕೇಂದ್ರದಲ್ಲಿ ಗಾಡಿಯ ಚಕ್ರಗಳನ್ನು ತಿರುಗುವ ರೋಲರುಗಳ ಮೇಲೆ ನಿಲ್ಲಿಸಿ ಪ್ರತಿ ಚಕ್ರದ ಬ್ರೇಕ್ ಬಲವನ್ನು ಯಂತ್ರವೇ ಅಳೆಯುತ್ತದೆ. ಹೆಡ್‌ಲೈಟಿನ ಕಿರಣ, ಚಕ್ರದ ಜೋಡಣೆ, ಹೊಗೆ ಎಲ್ಲಕ್ಕೂ ಅಂಕಿ ಮೂಡುತ್ತದೆ. ಕಣ್ಣಳತೆಯಲ್ಲಿ ದಾಟಿದ ಗಾಡಿ ರೋಲರಿನ ಮೇಲೆ ದಾಟಲೇಬೇಕೆಂದಿಲ್ಲ. ಆದ್ದರಿಂದ ಹಳೆಯ ಎಫ್‌ಸಿ ಕಾಗದಗಳ ಕಟ್ಟನ್ನು ಮುಂದಿನ ತಪಾಸಣೆಯ ಖಾತರಿಯೆಂದು ತೆಗೆದುಕೊಳ್ಳಲಾಗದು.

ಟ್ಯಾಕ್ಸಿಯೆಂದರೆ ಓಟ. ಹರಿಹರದಿಂದ ಬೆಂಗಳೂರಿಗೆ, ಶಿವಮೊಗ್ಗಕ್ಕೆ, ಹುಬ್ಬಳ್ಳಿಗೆ ವಾರಕ್ಕೆ ಮೂರು ಬಾರಿ ಹೋದ ಗಾಡಿ ಹತ್ತು ವರ್ಷದಲ್ಲಿ ಮೂರು ಲಕ್ಷ ಕಿಲೋಮೀಟರ್ ದಾಟಿದ್ದರೆ ಅಚ್ಚರಿಯಿಲ್ಲ. ಹೆದ್ದಾರಿಯ ಓಟ ಎಂಜಿನಿಗೆ ಅಷ್ಟು ಕೆಡುಕು ಮಾಡುವುದಿಲ್ಲ, ಊರೊಳಗಿನ ಓಟವೇ ಕ್ಲಚ್ಚು ಬ್ರೇಕುಗಳನ್ನು ತಿನ್ನುತ್ತದೆ. ಹಾಗಾಗಿ ಎಷ್ಟು ಓಡಿದೆ ಎಂಬುದರ ಜೊತೆಗೆ ಎಲ್ಲಿ ಓಡಿದೆ ಎಂದೂ ಕೇಳಿ. ಮೀಟರು 90,000 ತೋರಿಸುತ್ತಿದ್ದು ಬ್ರೇಕ್ ಪೆಡಲಿನ ರಬ್ಬರ್ ನುಣ್ಣಗೆ ಸವೆದು, ಚಾಲಕನ ಸೀಟಿನ ಅಂಚು ಕುಸಿದಿದ್ದರೆ ನಂಬಬೇಕಾದದ್ದು ಪೆಡಲನ್ನು.

ನೀವು ಅದನ್ನು ಹಳದಿ ಬೋರ್ಡಿನಲ್ಲೇ ಓಡಿಸುವುದಾದರೆ ಪ್ರತಿ ವರ್ಷ ತಪಾಸಣೆ, ಪರ್ಮಿಟ್, ವೇಗ ನಿಯಂತ್ರಕ ಇವೆಲ್ಲ ನಿಮ್ಮ ಜವಾಬ್ದಾರಿ. ಸ್ವಂತಕ್ಕೆ ಬಿಳಿ ಬೋರ್ಡಿಗೆ ಬದಲಾಯಿಸಿಕೊಳ್ಳುವುದಾದರೆ ಪರ್ಮಿಟ್ ಒಪ್ಪಿಸಿ, ಆರ್‌ಟಿಓ ಕಚೇರಿಯ ಅನುಮತಿ ಪಡೆದು, ತೆರಿಗೆಯ ವ್ಯತ್ಯಾಸ ಕಟ್ಟಬೇಕು. ಇದನ್ನು ಮಾರುವವರೇ ತಮ್ಮ ಹೆಸರಿನಲ್ಲಿದ್ದಾಗಲೇ ಮುಗಿಸಿಕೊಟ್ಟರೆ ನಿಮಗೆ ಒಳ್ಳೆಯದು. ನಾನಾಗಿದ್ದರೆ, ಸಮಾನ ವಯಸ್ಸಿನ ಬಿಳಿ ಬೋರ್ಡಿನ ಗಾಡಿಗಿಂತ ಸಾಕಷ್ಟು ಕಡಿಮೆ ಬೆಲೆಗೆ ಸಿಕ್ಕಿದರೆ ಮಾತ್ರ ಕೈ ಹಾಕುತ್ತಿದ್ದೆ.

ಪ್ರಶ್ನೆ: ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಕಾರುಗಳನ್ನು ಓಡಿಸುವಂತಿಲ್ಲವೆಂದು ಅಗ್ಗವಾಗಿ ಮಾರುತ್ತಾರಂತೆ. ಅಂಥ ಇನ್ನೋವಾ ತಂದರೆ ಇಲ್ಲಿ ಎಫ್‌ಸಿ ಆಗುತ್ತದೆಯೇ?
– ಓದುಗರೊಬ್ಬರು, ಚಳ್ಳಕೆರೆ

ಉತ್ತರ: ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿಗಳ ಮೇಲಿನ ನಿರ್ಬಂಧ ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯಕ್ಕೆ ಸೇರಿದ್ದು, ಹಸಿರು ನ್ಯಾಯಮಂಡಳಿ ಹೊರಡಿಸಿದ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಜಾರಿ ಮಾಡುವಂತೆ ಹೇಳಿತು, 2025ರಲ್ಲಿ ಅದೇ ಕೋರ್ಟ್ ಅದನ್ನು ಸ್ವಲ್ಪ ಸಡಿಲಿಸಿತು. ಕರ್ನಾಟಕದಲ್ಲಿ ಆ ವಯೋಮಿತಿ ಸ್ವಂತ ಕಾರಿಗೆ ಅನ್ವಯಿಸುವುದಿಲ್ಲ, ತಪಾಸಣೆಯಲ್ಲಿ ಪಾಸಾದರೆ ಓಡಿಸಬಹುದು. ಇನ್ನೋವಾ ಅದಕ್ಕೆ ತಕ್ಕ ಗಾಡಿಯೂ ಹೌದು. ಚಾಸಿಸ್ ಮೇಲೆ ಬಾಡಿ ಕೂರಿಸಿದ ರಚನೆ, ಸಲೀಸಾಗಿ ಹಳತಾಗುವುದಿಲ್ಲ.

ಆದರೆ ಅಲ್ಲಿಂದ ಎನ್‌ಓಸಿ (ನಿರಾಕ್ಷೇಪಣಾ ಪತ್ರ) ತಂದು, ಚಿತ್ರದುರ್ಗದ ಕೆಎ-16 ನಂಬರಿಗೆ ಮರುನೋಂದಣಿ ಮಾಡಿಸಿ, ಕರ್ನಾಟಕದ ಜೀವಾವಧಿ ತೆರಿಗೆಯನ್ನು ವಯಸ್ಸಿಗೆ ತಕ್ಕ ದರದಲ್ಲಿ ಕಟ್ಟಬೇಕು. ಆ ತೆರಿಗೆ, ಸಾಗಣೆ, ಓಡಾಟ ಎಲ್ಲ ಸೇರಿಸಿದರೆ ದೆಹಲಿಯ ಅಗ್ಗ ಚಳ್ಳಕೆರೆಗೆ ಬರುವಷ್ಟರಲ್ಲಿ ಕರಗಿರುತ್ತದೆ. ಹಣ ಕೊಡುವ ಮೊದಲೇ ತೆರಿಗೆಯ ಲೆಕ್ಕವನ್ನು ಆರ್‌ಟಿಓ ಕಚೇರಿಯಲ್ಲಿ ಕೇಳಿ ಬರೆದುಕೊಳ್ಳಿ. ಮರುನೋಂದಣಿಗೆ ಗಾಡಿಯನ್ನು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಲೇಬೇಕು, ಚಾಸಿಸ್ ನಂಬರು, ಎಂಜಿನ್ ನಂಬರು ಎರಡನ್ನೂ ನೋಡುತ್ತಾರೆ. ನನ್ನ ಬಂಧುವೊಬ್ಬರಿಗೆ ದಲ್ಲಾಳಿಯೊಬ್ಬ ಕೊಡಿಸಿದ ಗಾಡಿಯಲ್ಲಿ ಎಂಜಿನ್ ಬದಲಾಗಿತ್ತು, ಆರ್‌ಸಿಯಲ್ಲಿ ಹಳೆಯ ನಂಬರೇ ಉಳಿದಿತ್ತು. ಗಾಡಿ ಎಷ್ಟು ಚೆನ್ನಾಗಿ ಓಡುತ್ತಿದ್ದರೂ ಪಾಸಾಗಲಿಲ್ಲ, ಎಂಜಿನಿನ ಖರೀದಿ ಬಿಲ್ಲು ಹುಡುಕಲು ಅವರು ಏಳು ತಿಂಗಳು ಅಲೆದರು.

ಪ್ರಶ್ನೆ: ನನ್ನ ಕಾರಿಗೆ ಹೊಗೆ ತಪಾಸಣೆಯ ಪತ್ರ ಇದೆ. ಅದೂ ಸರ್ಕಾರದ್ದೇ ತಪಾಸಣೆ. ಅದಿದ್ದರೆ ಎಫ್‌ಸಿಯಲ್ಲಿ ಪಾಸಾದಂತೆಯೇ ಅಲ್ಲವೇ?
– ಓದುಗರೊಬ್ಬರು, ಜಗಳೂರು

ಉತ್ತರ: ಅಲ್ಲ. ಹೊಗೆ ಪತ್ರ ಸೈಲೆನ್ಸರಿನ ತುದಿಯಲ್ಲಿ ಏನು ಬರುತ್ತದೆ ಎಂಬುದನ್ನು ಮಾತ್ರ ಹೇಳುತ್ತದೆ. ಬ್ರೇಕು, ಸ್ಟಿಯರಿಂಗು, ದೀಪ, ಟೈರುಗಳ ವಿಷಯ ಅದಕ್ಕೆ ಗೊತ್ತಿಲ್ಲ. ಬಿಎಸ್-4 ಮತ್ತು ಅದರ ನಂತರದ ಕಾರಿಗೆ ಅದು ಒಂದು ವರ್ಷ, ಅದಕ್ಕಿಂತ ಹಳೆಯದಕ್ಕೆ ಆರು ತಿಂಗಳು ನಡೆಯುತ್ತದೆ. ಎಫ್‌ಸಿಗೆ ಹೋಗುವಾಗ ಚಾಲ್ತಿಯಲ್ಲಿರುವ ಹೊಗೆ ಪತ್ರ ಮತ್ತು ವಿಮೆ ಎರಡೂ ಕೈಯಲ್ಲಿರಬೇಕು. ಹೊಗೆ ಅಳೆಸುವ ಮೊದಲು ಗಾಡಿಯನ್ನು ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ತಣ್ಣಗಿನ ಎಂಜಿನಿನಲ್ಲಿ ಸರಿಯಾದ ಗಾಡಿಯೂ ತಪ್ಪು ಅಂಕಿ ತೋರಿಸುತ್ತದೆ.

ಪ್ರಶ್ನೆ: ನಮ್ಮ ತಂದೆಯವರು 2008ರಲ್ಲಿ ಕೊಂಡ ಮಾರುತಿ 800 ಚಿತ್ರದುರ್ಗದ ಮನೆಯಲ್ಲಿದೆ. ಅವರು ಅದನ್ನು ಮಗುವಿನಂತೆ ನೋಡಿಕೊಂಡಿದ್ದರು, 38,000 ಕಿಲೋಮೀಟರ್ ಮಾತ್ರ ಓಡಿದೆ. ಆರ್‌ಸಿ ಅವಧಿ ಮುಗಿದು ಎರಡು ವರ್ಷವಾಗಿದೆ, ಅಷ್ಟೂ ದಿನ ಗಾಡಿ ನಿಂತೇ ಇದೆ. ತಂದೆಯವರು ಹೋದ ತಿಂಗಳು ತೀರಿಕೊಂಡರು. ಅದನ್ನು ಮಾರಲು ಮನಸ್ಸಿಲ್ಲ. ಎಫ್‌ಸಿಯಲ್ಲಿ ಪಾಸಾಗಬಹುದೇ? ಖರ್ಚು ಮಾಡುವುದು ಸರಿಯೇ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಅಮ್ಮಾ, ನಿಮ್ಮ ದುಃಖದಲ್ಲಿ ನಾನೂ ಭಾಗಿ. ಗಾಡಿ ಪಾಸಾಗಬಲ್ಲದು ಎಂದೇ ನನ್ನ ಅನಿಸಿಕೆ. ಮಾರುತಿ 800 ತಯಾರಿಕೆ 2014ರಲ್ಲಿ ನಿಂತರೂ ಅದರ ಬಿಡಿಭಾಗ ಇಂದಿಗೂ ಸಿಗುತ್ತದೆ. ಬ್ರೇಕಿನಿಂದ ಸ್ಟಿಯರಿಂಗಿನವರೆಗೆ ಎಲ್ಲವೂ ಕಣ್ಣಿಗೆ ಕಾಣುವಂತೆ, ಕೈಗೆ ಸಿಗುವಂತೆ ಜೋಡಿಸಿದ ಸರಳ ಕಾರು ಅದು.

ಖರ್ಚಿನ ಲೆಕ್ಕ ಮೊದಲು ತಿಳಿದಿರಲಿ. ನವೀಕರಣ ಶುಲ್ಕ 5,000 ರೂಪಾಯಿ. ತಡವಾದ ಪ್ರತಿ ತಿಂಗಳಿಗೆ 500ರಂತೆ ಇಪ್ಪತ್ನಾಲ್ಕು ತಿಂಗಳಿಗೆ 12,000. ರಿಪೇರಿಗೆ ಮೊದಲೇ 17,000 ರೂಪಾಯಿ, ಅದರ ಮೇಲೆ ಹಸಿರು ತೆರಿಗೆ ಮತ್ತು ವಿಮೆ. ಮಾರುಕಟ್ಟೆಯ ಲೆಕ್ಕದಲ್ಲಿ ಗಾಡಿಯ ಬೆಲೆಗೆ ಇದು ಹೆಚ್ಚೇ ಆಯಿತು. ಆದರೆ ನೀವು ಮಾರುವ ಲೆಕ್ಕದಲ್ಲಿ ಕೇಳಿಲ್ಲ, ಆದ್ದರಿಂದ ನಾನೂ ಆ ಲೆಕ್ಕದಲ್ಲಿ ಉತ್ತರಿಸುವುದಿಲ್ಲ. ತಡ ಮಾಡಿದಷ್ಟೂ ತಿಂಗಳಿಗೆ ಐನೂರು ಏರುತ್ತದೆ ಎಂಬುದಷ್ಟೇ ಗಮನದಲ್ಲಿರಲಿ, ಮತ್ತು ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಶುಲ್ಕ ಇನ್ನೂ ಹೆಚ್ಚಿದೆ.

ವಾರಸುದಾರರ ಹೆಸರಿಗೆ ವರ್ಗಾವಣೆ ಮಾಡಿಸುವ ಕೆಲಸವನ್ನು ಕೂಡಲೇ ಶುರುಮಾಡಿ. ಮಾಲೀಕರು ತೀರಿಕೊಂಡ ಮೂವತ್ತು ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಅರ್ಜಿ ಕೊಡಬೇಕು. ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಸಿದ್ಧಪಡಿಸಿಕೊಳ್ಳಿ.

ಗಾಡಿಯ ವಿಷಯದಲ್ಲಿ ಒಂದು ಮಾತು: ನಿಂತ ಗಾಡಿ ಓಡಿದ ಗಾಡಿಗಿಂತ ಬೇರೆ ರೀತಿಯಲ್ಲಿ ಕೆಡುತ್ತದೆ, ಆದ್ದರಿಂದ ಈಗಲೇ ಕೀ ತಿರುಗಿಸಿ ಸ್ಟಾರ್ಟ್ ಮಾಡಲು ಹೋಗಬೇಡಿ. ಮೊದಲು ಬಾನೆಟ್ ಎತ್ತಿ, ಇಲಿ ಗೂಡು ಕಟ್ಟಿದೆಯೇ, ವೈರುಗಳ ಮೇಲಿನ ಪ್ಲಾಸ್ಟಿಕ್ ಕಡಿದಿದೆಯೇ ನೋಡಿಸಿ. ಟ್ಯಾಂಕಿನಲ್ಲಿರುವ ಎರಡು ವರ್ಷದ ಪೆಟ್ರೋಲನ್ನು ಹೊರಗೆ ತೆಗೆಸಿ. ಎಂಜಿನ್ ಆಯಿಲ್, ಬ್ರೇಕ್ ಆಯಿಲ್, ಬ್ಯಾಟರಿ, ಫ್ಯಾನ್ ಬೆಲ್ಟ್ ಹೊಸದಾಗಲಿ. ಹಿಂದಿನ ಡ್ರಮ್ಮುಗಳನ್ನು ಬಿಚ್ಚಿಸಿ ನೋಡಿ. ಹ್ಯಾಂಡ್ ಬ್ರೇಕ್ ಎಳೆದಿಟ್ಟು ನಿಲ್ಲಿಸಿದ್ದರೆ ಲೈನರ್ ಡ್ರಮ್ಮಿಗೆ ಅಂಟಿಕೊಂಡಿರುತ್ತದೆ, ಚಕ್ರದೊಳಗಿನ ಸಿಲಿಂಡರಿನ ರಬ್ಬರ್ ಗಟ್ಟಿಯಾಗಿರುತ್ತದೆ. ಟೈರಿನ ತೋಡುಗಳು ಹೊಸದರಂತೆಯೇ ಕಾಣುತ್ತವೆ, ಅದನ್ನು ನೋಡಿ ಮೋಸಹೋಗಬೇಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತಿರುತ್ತದೆ. 2314 ಎಂದಿದ್ದರೆ 2014ರ ಇಪ್ಪತ್ಮೂರನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಹತ್ತು ವರ್ಷ ದಾಟಿದ ಟೈರಿನ ಪಕ್ಕದ ಗೋಡೆಯಲ್ಲಿ ಕೂದಲೆಳೆಯ ಬಿರುಕುಗಳು ಕಾಣುತ್ತವೆ, ನಾಲ್ಕನ್ನೂ ಬದಲಾಯಿಸಿ.

ನವೀಕರಣವಾಗುವವರೆಗೆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ. ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ, ತಪಾಸಣೆಯ ದಿನ ಟೋಯಿಂಗ್ ಗಾಡಿಯಲ್ಲಿ ಕಳಿಸಿ. ಹಳೆಯ ನಂಬರ್ ಪ್ಲೇಟ್ ಬದಲು ಅತಿ ಸುರಕ್ಷಿತ ನಂಬರ್ ಪ್ಲೇಟಿಗೆ ಮುಂಚೆಯೇ ಆನ್‌ಲೈನಿನಲ್ಲಿ ಬುಕ್ ಮಾಡಿ. ಚಾಸಿಸ್ ನಂಬರು ಎಂಜಿನಿನ ಹಿಂದಿರುವ ತಗಡಿನ ಗೋಡೆಯಲ್ಲಿ ಕೊರೆದಿರುತ್ತದೆ. ಎರಡು ವರ್ಷದ ಧೂಳು, ಎಣ್ಣೆಯ ಜಿಡ್ಡು ಅದನ್ನು ಮುಚ್ಚಿರಬಹುದು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ತೆಳುವಾದ ಬಿಳಿ ಕಾಗದವನ್ನು ಅದರ ಮೇಲಿಟ್ಟು ಪೆನ್ಸಿಲ್ ಪ್ರಿಂಟ್ ತೆಗೆಯಿರಿ. ಮರಳು ಕಾಗದದಿಂದ ಮಾತ್ರ ಉಜ್ಜಬೇಡಿ, ಅಂಕಿ ಸವೆದರೆ ಅದನ್ನೇ ತಿದ್ದಿದ ಗುರುತೆಂದು ತಿಳಿಯುವ ಸಾಧ್ಯತೆಯಿದೆ.